ಗುನುಗುಕೋಲು ಮತ್ತು ರಾಣಿಯ ಜಡೆಬಿಲ್ಲೆ

ಹತ್ತಿರ ಬನ್ನಿ. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಈ ಮಾತು ಈ ಜಗುಲಿ ದಾಟಬಾರದು. ದಾಟಿತೋ, ನಾನು ಹೇಳೇ ಇಲ್ಲ ಅಂತ ಕರ್ಪೂರ ಹಚ್ಚಿ ಆಣೆ ಮಾಡುತ್ತೇನೆ.

ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹೊಂಬಳಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅಕ್ಕಸಾಲರ ಬೀದಿಯ ತುದಿಯಲ್ಲಿ ಮಾಳವ್ವ ಮತ್ತು ಅವಳ ಗಂಡ ಕೆಂಚಣ್ಣ ಇದ್ದರು. ಜಾಲಗಾರರು. ಅಂದರೆ ಅಂಗಡಿ ಮುಂದಿನ ಧೂಳು ಗುಡಿಸಿ, ಮರಿಗೆಯಲ್ಲಿ ತೊಳೆದು, ತಳದಲ್ಲಿ ನಿಂತ ಚಿನ್ನದ ಚೂರು ಹೆಕ್ಕಿ ಬದುಕುವವರು.

ಅವರ ಮನೆಯಲ್ಲಿ ಅತ್ತೆಯ ಕಾಲದ ಒಂದು ಕೋಲಿತ್ತು, ಆಕಾಶದಿಂದ ಬಿದ್ದ ಕಬ್ಬಿಣದ್ದು. ನೆಲದ ಮೇಲೆ ಆಡಿಸಿದರೆ, ಕೆಳಗೆ ಕಾಸೋ ಒಡವೆಯೋ ಇದ್ದಲ್ಲಿ ಗುಂಯ್ ಅನ್ನುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೂತಿಟ್ಟವರು ಹೂಳುವಾಗ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವರದೇ ದನಿಯಲ್ಲಿ ಒದರಿಬಿಡುತ್ತಿತ್ತು. ಅದಕ್ಕೇ ಅತ್ತೆ ಅದನ್ನು ಅಟ್ಟಕ್ಕೆ ಸೇರಿಸಿದ್ದಳು. ಸಾಯುವಾಗ ಸೊಸೆಗೆ, "ಊರು ನೆಮ್ಮದಿಯಾಗಿರಬೇಕಾದರೆ ಇದು ಮೇಲೇ ಇರಲಿ. ಇಳಿಸಲೇಬೇಕಾಗಿ ಬಂದರೆ, ನಿನ್ನದಲ್ಲದ್ದನ್ನು ಅಲ್ಲೇ ಬಿಡು, ಅಗೆದ ಗುಂಡಿ ಮುಚ್ಚು. ಮುಚ್ಚದೆ ಬಂದರೆ ನೆಲ ಯಾರ ಬಾಯಿಂದಲಾದರೂ ನಿನಗೆ ಒಂದು ಮಾತು ಅನ್ನಿಸದೆ ಬಿಡಲ್ಲ," ಅಂದಿದ್ದಳು.

ಎದುರು ಮನೆಯವಳು ಸಾತಮ್ಮ. ಅರಮನೆಗೆ ಹೋಗಿ ರಾಣಿಗೆ ಜಡೆ ಹಾಕುವವಳು. ಕೈಯಲ್ಲಿ ಬಾಚಣಿಗೆ, ಬಾಯಲ್ಲಿ ಬೆಣ್ಣೆ. ಒಂದು ದಿನ ರಾಣಿಯ ಕೆಂಪುಕಲ್ಲಿನ ಜಡೆಬಿಲ್ಲೆ ಕಾಣೆಯಾಯಿತು. ಬೆಳಿಗ್ಗೆ ಅರಮನೆ ದಾರಿಯಲ್ಲಿ ಧೂಳು ಗುಡಿಸುತ್ತಿದ್ದವನು ಕೆಂಚಣ್ಣ ಒಬ್ಬನೇ ಅಂತ ಸಾತಮ್ಮ ಮೆಲ್ಲಗೆ ಅಂದಳು. ರಾಜನ ಬಳಿ ಉರಿಮೀಸೆ ಅಂತ ಒಬ್ಬ ಮಾಂತ್ರಿಕನಿದ್ದ. ಅವನು ಯಾರನ್ನು ಕಳ್ಳ ಅಂದರೂ ಅವರು ಮೃಗವಾಗಿ ಅವನ ಚಾಕರಿಗೆ ಬೀಳುತ್ತಿದ್ದರು. ಅವನು ತುಂಬಿದ ಸಭೆಯಲ್ಲಿ ಮೀಸೆ ತಿರುವಿ, "ಇವನೇ ಕಳ್ಳ. ನನ್ನ ಮಾತು ಸುಳ್ಳಾದರೆ ನನ್ನ ಮಂತ್ರ ನನಗೇ ತಗಲಲಿ," ಅಂದ. ಕೆಂಚಣ್ಣ ನಿಂತಲ್ಲೇ ಕರಡಿಯಾದ. ಅಮಾವಾಸ್ಯೆಯೊಳಗೆ ಬಿಲ್ಲೆ ಸಿಕ್ಕದಿದ್ದರೆ ತನ್ನ ಹೆಸರನ್ನೂ ಮರೆತು ಕರಡಿಯಾಗಿಯೇ ಉಳಿದು ಉರಿಮೀಸೆಯ ಚಾಕರಿಗೆ ಬೀಳಬೇಕು.

ಮಾಳವ್ವ ಅತ್ತು ಮುಗಿಸಿ ಅಟ್ಟ ಹತ್ತಿದಳು.

ಸಾತಮ್ಮ ಮಜ್ಜಿಗೆ ತಂದು ಸಮಾಧಾನ ಹೇಳಿದಳು. ಮಂತ್ರಿಯ ತೋಟದಲ್ಲಿ ಏನೋ ಹೂತಿದ್ದಾರಂತೆ, ಅಲ್ಲಿ ನೋಡಬಾರದೇ ಅಂದಳು. ಮಾಳವ್ವ ಹೋದಳು, ಕರಡಿ ಹಿಂದೆ ನಡೆಯಿತು, ಅದರ ಹಿಂದೆ ಅರ್ಧ ಊರು. ಮಾವಿನ ಮರದ ಕೆಳಗೆ ಕೋಲು ಗುಂಯ್ ಅಂದಿತು. ಅಗೆದರೆ ಹೊನ್ನಿನ ಕೊಡ, ಅದರ ಮೇಲೆ ಏಳು ಹೆಡೆಯ ಸರ್ಪ. ಕೋಲು ಮಂತ್ರಿಯ ದನಿಯಲ್ಲಿ, ಇದು ಹೆಂಡತಿಗೆ ತಿಳಿಯಬಾರದು, ಹೂವಿನ ಬೀದಿಯ ಚೆಲುವಿಗೆ ಮನೆ ಕಟ್ಟಿಸಬೇಕು ಅಂತ ಹೇಳಿತು. ಮಂತ್ರಿಯ ಹೆಂಡತಿ ಬೇಲಿಯ ಪಕ್ಕದಲ್ಲೇ ನಿಂತಿದ್ದಳು, ಪಾಪ. ಅಂದಿನಿಂದ ಮಂತ್ರಿಗೆ ಊಟ ಜಗುಲಿಯಲ್ಲೇ.

"ಬೇಕಾದಷ್ಟು ತಗೋ," ಅಂದಿತು ಸರ್ಪ.

"ನನ್ನದಲ್ಲ," ಅಂದಳು ಮಾಳವ್ವ. ಗುಂಡಿ ಮುಚ್ಚಿದಳು. ಸರ್ಪ ತಲೆಬಾಗಿ ದಾರಿ ಬಿಟ್ಟಿತು.

ಮತ್ತೆ ಸಾತಮ್ಮ ಬಂದಳು. ಈ ಸಲ ಕೋಡುಬಳೆ ತಂದಿದ್ದಳು. ಕೆರೆ ಏರಿಯ ಕಡೆ ನೋಡಬಾರದೇ ಅಂದಳು. ಕೆರೆ ಏರಿಯ ಮೇಲೆ ಕಂಚಿನ ಬೆನ್ನಿನ ಮೊಸಳೆ ಮಲಗಿತ್ತು. ಅದರ ಪಕ್ಕದಲ್ಲೇ ಕೋಲು ಗುಂಯ್ ಅಂದಿತು. ಅಗೆದರೆ ಬೆರಳಿಗೂ ಬಿಗಿಯಾಗುವಷ್ಟು ಪುಟ್ಟ ಬೆಳ್ಳಿ ಗೆಜ್ಜೆ. ಕೋಲು ಯಾರೋ ತಾಯಿಯ ದನಿಯಲ್ಲಿ, "ನಡೆಯೋದಕ್ಕೆ ಮುಂಚೆ ಹೋದೆಯಲ್ಲೋ ಕಂದ, ಅಲ್ಲಾದರೂ ಹಾಕ್ಕೊಂಡು ನಡಿ," ಅಂದಿತು.

ಹಿಂದೆ ಬಂದ ಜನ ಒಬ್ಬೊಬ್ಬರಾಗಿ ಮನೆ ಕಡೆ ತಿರುಗಿದರು. ಕೆಲವು ಗುಟ್ಟು ಗುಟ್ಟಾಗಿಯೇ ಇರಬೇಕು, ನಾನೇ ಹೇಳುತ್ತಿದ್ದೇನೆ ಅಂದಮೇಲೆ ನೋಡಿ. ಮಾಳವ್ವ ಗೆಜ್ಜೆಯನ್ನು ಇದ್ದ ಹಾಗೇ ಇಟ್ಟು, ಸೆರಗಿನಿಂದ ಮಣ್ಣು ಎಳೆದು ಮುಚ್ಚಿದಳು. ಮೊಸಳೆಯ ಕಣ್ಣಲ್ಲಿ ನಿಜವಾದ ನೀರು ಬಂತು.

"ತಾಯಿ, ನಾನೂ ಹಿಂದೆ ಅಂಬಿಗನಾಗಿದ್ದವನು, ಆ ಉರಿಮೀಸೆಯೇ ಹೀಗೆ ಮಾಡಿದ. ಒಂದು ಮಾತು ಕೇಳು. ನಿನ್ನನ್ನು ಯಾರು ದೂರ ದೂರ ಕಳಿಸುತ್ತಾರೋ ಅವರ ಹತ್ತಿರವೇ ನೀನು ಹುಡುಕೋದು ಇರುತ್ತೆ."

ಅಮಾವಾಸ್ಯೆಯ ದಿನ ಹಾಡುಹಗಲಲ್ಲೇ ಮಾಳವ್ವ ಕೋಲು ಹಿಡಿದು ಸಾತಮ್ಮನ ಹಿತ್ತಲಿಗೆ ನುಗ್ಗಿದಳು. ಒರಳುಕಲ್ಲಿನ ಮುಂದೆ ಉರಿಮೀಸೆಯ ಟಗರು ಕಟ್ಟಿತ್ತು, ಕೊಂಬಿನಲ್ಲಿ ಬೆಂಕಿ. ಮಾಂತ್ರಿಕನ ಟಗರು ಜಡೆ ಹಾಕುವವಳ ಹಿತ್ತಲಲ್ಲಿ ಯಾಕೆ ಅಂತ ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತು ಆ ಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು, ಅಷ್ಟು ಹೇಳಬಲ್ಲೆ.

ಟಗರು ಹಗ್ಗ ಹರಿದು ಅವಳ ಮೇಲೆ ಬಂತು. ಮಾಳವ್ವ ತಿರುಗಿ ಕರಡಿಯನ್ನು ನೋಡಿದಳು. ಅದರ ಕಣ್ಣಲ್ಲಿ ಗುರುತೇ ಇರಲಿಲ್ಲ. ಯಾರದೋ ಹೆಂಗಸನ್ನು ನೋಡುವ ಹಾಗೆ ನೋಡಿ, ಕಾಡಿನ ಕಡೆ ಮುಖ ಮಾಡಿತು. ಮದುವೆಯಾದ ದಿನದಿಂದ ಅವಳು ಅವನನ್ನು 'ಇವರೇ' ಅಂದವಳು, 'ಕೇಳಿತಾ' ಅಂದವಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿ ಅಂತ ಎಲ್ಲರ ಹಾಗೆ ಅವಳೂ ನಂಬಿದ್ದಳು. ಊರೆಲ್ಲ ಬೇಲಿಗೆ ಒರಗಿ ನಿಂತಿತ್ತು.

"ಕೆಂಚಣ್ಣ," ಅಂದಳು. ಕೇಳಿಸಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು. "ಕೆಂಚಣ್ಣಾ, ಬಾರೋ!"

ಬಾರೋ ಅಂದಳು, ಏಕವಚನದಲ್ಲಿ. ಹೆಂಗಸರು ಸೆರಗು ಬಾಯಿಗೆ ತುಂಬಿಕೊಂಡರು. ಕರಡಿ ಗಕ್ಕನೆ ನಿಂತು, ಒಂದೇ ನೆಗೆತಕ್ಕೆ ಬಂದು ಟಗರಿನ ಕೊಂಬು ಹಿಡಿದು ಬಾವಿಕಟ್ಟೆಯ ನೀರಿನ ತೊಟ್ಟಿಯಲ್ಲಿ ಅದ್ದಿತು. ಬೆಂಕಿ ಚುಯ್ ಅಂತ ಆರಿತು.

ಕೋಲು ಒರಳುಕಲ್ಲಿನ ಪಕ್ಕ ಗುಂಯ್ ಅಂದಿತು. ಮಾಳವ್ವ ಅಗೆದಳು. ಮಣ್ಣಿನಿಂದ ಸಾತಮ್ಮನ ಬೆಣ್ಣೆ ದನಿ ಎದ್ದಿತು: "ತಂಗಿ ಮಗಳ ಮದುವೆಗೆ ಒಂದು ದಿನ ಮುಡಿದರೆ ರಾಣಿಯದೇನು ಸವೆಯುತ್ತಾ? ಈಗ ಗೊತ್ತಾದರೆ ತಲೆ ಹೋಗುತ್ತೆ. ಇಲ್ಲೇ ಇರಲಿ. ಉರಿಮೀಸೆಗೆ ಒಬ್ಬಟ್ಟು ಹಾಕಿದರೆ ಯಾರನ್ನಾದರೂ ಕಳ್ಳ ಮಾಡುತ್ತಾನೆ. ಆ ಧೂಳು ಗುಡಿಸುವವನನ್ನೇ ಮಾಡಲಿ."

ಜಡೆಬಿಲ್ಲೆ ಬಿಸಿಲಿಗೆ ಬಂತು, ಕೆಂಪು ಕಲ್ಲು ಥಳಥಳ ಹೊಳೆಯಿತು. ಉರಿಮೀಸೆಯ ಮಾತು ಸುಳ್ಳಾಯಿತು, ಮಂತ್ರ ಅವನಿಗೇ ತಗಲಿತು. ಅವನು ಹೆಗ್ಗಣವಾಗಿ ಚರಂಡಿ ಸೇರಿದ. ಅವನು ಮೃಗ ಮಾಡಿದವರೆಲ್ಲ ಮತ್ತೆ ಮನುಷ್ಯರಾದರು. ಸರ್ಪ ಹೊಲಿಗೆಯವನಾಗಿ ಎದ್ದ, ಮೊಸಳೆ ಅಂಬಿಗನಾಗಿ ಎದ್ದ, ಟಗರೂ ನೆನೆದುಕೊಂಡೇ ಒಬ್ಬ ಗಾಣಿಗನಾಗಿ ಎದ್ದ. ಕೆಂಚಣ್ಣನ ಮೈಯಿಂದ ಕೂದಲು ಉದುರಿ ಅವನು ಅವನಾಗಿ ನಿಂತ. ಮಾಳವ್ವ ಇದ್ದಬದ್ದದ್ದನ್ನೆಲ್ಲ ಬಿಸಾಕಿ ಓಡಿದಳು. ಅಷ್ಟು ದಿನ ಹಿಡಿದಿಟ್ಟ ಉಸಿರು ಆಗ ಬಿಟ್ಟಳು ನೋಡಿ, ಬೀದಿಯೆಲ್ಲ ಅವಳ ಜೊತೆ ಉಸಿರು ಬಿಟ್ಟಿತು.

ರಾಣಿ ದೊಡ್ಡ ಮನಸ್ಸಿನವಳು, ಸಾತಮ್ಮನ ತಲೆ ತೆಗೆಸಲಿಲ್ಲ, ಬಾಚಣಿಗೆ ಮಾತ್ರ ಕಿತ್ತುಕೊಂಡಳು. ಕೋಲು ಅಟ್ಟಕ್ಕೆ ಹೋಯಿತು. ಹೊಂಬಳಿಯಲ್ಲಿ ಹಾಲು ಉಕ್ಕಿತು, ತೊಟ್ಟಿಲು ತೂಗಿತು, ಮಂತ್ರಿಗೆ ಕೂಡ ಕೊನೆಗೆ ಒಳಮನೆಯಲ್ಲಿ ಎಲೆ ಹಾಕಿದರು.

ಇನ್ನು ಸಾತಮ್ಮ. ನಾಲ್ಕು ದಿನ ಬಾಗಿಲು ತೆರೆಯಲಿಲ್ಲ. ಐದನೆಯ ದಿನ ಮಾಳವ್ವ ಗಂಡನಿಗೆ ಬುತ್ತಿ ಕಟ್ಟಿ ಕಳಿಸಿ ರಂಗೋಲಿ ಹಾಕುತ್ತಿದ್ದಳು. ಸಾತಮ್ಮ ಬೀದಿ ದಾಟಿ ನೇರ ಬಂದು ಸೊಂಟದ ಮೇಲೆ ಕೈಯಿಟ್ಟು, ಮುಖಕ್ಕೆ ಮುಖ ಕೊಟ್ಟು ಅಂದಳು:

"ಕದ್ದವಳು ನಾನೇ ಇರಬಹುದು ಕಣೇ. ಆದರೆ ನಡು ಹಗಲಲ್ಲಿ ಊರ ಮುಂದೆ ಗಂಡನ ಹೆಸರು ಹಿಡಿದು ಕೂಗಿದವಳು ನಾನಲ್ಲ. ಅದಿರಲಿ, ನನ್ನ ಹಿತ್ತಲ ಗುಂಡಿ ಯಾರು ಮುಚ್ಚುತ್ತಾರೆ?"