ಮುಖಪುಟದ ಸಹೋದರಿ

"ನನ್ನ ಹೆಸರೆಲ್ಲಿ?"

ಪ್ರೆಸ್ಸಿನ ಮೇಜಿನ ಮೇಲೆ ಪುಸ್ತಕ ಬಿದ್ದ ಸದ್ದಿಗೆ ಮತೀನ್ ತಲೆ ಎತ್ತಿದ. ಎದುರಿಗೆ ನಿಂತಿದ್ದವಳನ್ನು ಅವನು ಎಂದೂ ನೋಡಿರಲಿಲ್ಲ. ಆದರೆ ದನಿ ಗೊತ್ತಿತ್ತು. ಮೂರು ತಿಂಗಳಿಂದ ವಾಟ್ಸಾಪಿನಲ್ಲಿ ಕೇಳುತ್ತಿದ್ದ ದನಿ ಅದು.

"ಜೈಬಾ ಅವರಾ...?"

"ನಾನು ಜೈಬಾನೇ. ನಿಮ್ಮ ಪ್ರೆಸ್ಸಿನ ಪ್ರಕಾರ ನನಗೆ ಬೇರೆ ಏನೋ ಹೆಸರಿದೆ. ಓದಿ ಹೇಳಿ."

ಅವನು ಓದಲಿಲ್ಲ. ಅದನ್ನು ಅಚ್ಚು ಹಾಕಿದವನೇ ಅವನಲ್ಲವೇ!

'ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್: ಸಹಾಯಕ ಕ್ರಿಯಾಪದಗಳು ಮತ್ತು ಪ್ರಶ್ನೆ ಕೇಳುವ ಬಗೆ.' ಅದರ ಕೆಳಗೆ ಸಣ್ಣಗೆ, 'ಬರೆದವರು: ಶಿರಾದ ಒಬ್ಬ ಸಹೋದರಿ.'

ಸಹೋದರಿ! ಜೈಬಾಳ ಮುಖ ಕಿವಿಯವರೆಗೂ ಕೆಂಪೇರಿತ್ತು. ತುಮಕೂರಿಗೆ ಬಸ್ಸಿನಲ್ಲಿ ಓಡಾಡಿ ಕಲಿತ ಭಾಷೆಗಳು, ಶಾಲೆಯಲ್ಲಿ ಫ್ರೆಂಚ್ ಪಾಠ ಮುಗಿಸಿ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆದ ನೂರಿಪ್ಪತ್ತು ಪುಟ... ಅದಕ್ಕೆಲ್ಲ ಸಿಕ್ಕಿದ್ದು ಇಷ್ಟು.

ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ, ನಾನೇ ಹೇಳಿಬಿಡುತ್ತೇನೆ. ಅವಳಿಗೆ ಈ ಮನುಷ್ಯ ಇಷ್ಟವಾಗಿದ್ದ.

ಅವಳ ಕೈಬರಹವನ್ನು ಟೈಪ್ ಮಾಡುತ್ತಾ ಮಾಡುತ್ತಾ ಅವನು ಪ್ರಶ್ನೆ ಕಳಿಸುತ್ತಿದ್ದ. "ಮೇಡಂ, ನಾವು 'ಬಂದು ಇದ್ದೀನಿ' ಅನ್ನೋದನ್ನ ಸೇರ್ಸಿ ಬಂದಿದ್ದೀನಿ ಅಂತೀವಿ. ಫ್ರೆಂಚಿನವ್ರು 'ಇದ್ದೀನಿ'ನ ಮುಂದಕ್ಕೆ ತರ್ತಾರೆ, ಸರಿ. ಸ್ಪ್ಯಾನಿಷಿನವ್ರು ಯಾಕೆ 'ಇರು' ಬಿಟ್ಟು ಬೇರೆ ಪದ ಹಾಕ್ತಾರೆ?"

"ಹಳೇ ಕಾಲ್ದಲ್ಲಿ ಅವ್ರೂ 'ಇರು' ಹಾಕ್ತಿದ್ರು. ಆಮೇಲೆ ಬಿಟ್ಬುಟ್ರು," ಎಂದು ಅವಳು ನಗುತ್ತಾ ವಾಯ್ಸ್ ಕಳಿಸಿದ್ದಳು.

ಸ್ಪ್ಯಾನಿಷ್ ಪ್ರಶ್ನೆಗಳ ಮುಂದಿದ್ದ ತಲೆಕೆಳಗಾದ ಪ್ರಶ್ನೆಚಿಹ್ನೆಗಳನ್ನು ಅವನು ತಪ್ಪೆಂದುಕೊಂಡು ಒಂದೊಂದನ್ನೂ ನೆಟ್ಟಗೆ ಮಾಡಿದ್ದ. ಅಲ್ಲಿ ಪ್ರಶ್ನೆಯ ಶುರುವಿಗೇ ಹಾಗೆ ಹಾಕುತ್ತಾರೆ ಎಂದು ಅವಳು ಬೈದು ಹೇಳಿದಾಗ ಒಂದೊಂದನ್ನೂ ಮತ್ತೆ ತಿರುಗಿಸಿದ್ದ. ಶಿರಾದಲ್ಲಿ ಇಂಥ ಪ್ರಶ್ನೆ ಕೇಳುವ ಇನ್ನೊಬ್ಬ ಮನುಷ್ಯ ಅವಳಿಗೆ ಸಿಕ್ಕಿರಲಿಲ್ಲ.

"ನಾಳೆ ಹತ್ತು ಗಂಟೆಗೆ ಬಲಸಮುದ್ರದ ಸೋಲಾರ್ ಕಂಪನೀಲಿ ಇಂಟರ್‌ವ್ಯೂ ಅಂತ ಹೇಳಿದ್ದೆ. ಸ್ಪೇನ್‌ನಿಂದ ಬರೋ ಎಂಜಿನಿಯರ್‌ಗಳ ಜೊತೆ ಮಾತಾಡೋಕೆ ಇಲ್ಲಿಯವ್ರಿಗೆ ಕಲಿಸೋ ಕೆಲಸ. ತಾವೇ ಬರೆದ ಪಾಠ ತರಬೇಕು ಅಂದವ್ರೆ. ಆ ಸಹೋದರಿ ನಾನೇ ಅಂತ ಆಧಾರ್ ಕಾರ್ಡ್ ತೋರಿಸ್ಲಾ?" ಜೈಬಾ ಮುಖಪುಟದ ಮೇಲೆ ಬೆರಳು ಕುಟ್ಟಿದಳು.

ಮತೀನ್ ಗೋಡೆಯತ್ತ ಕೈ ಮಾಡಿದ. ಅಲ್ಲಿ ಹತ್ತಾರು ಶಾದಿ ಕಾರ್ಡ್‌ಗಳ ಮಾದರಿಗಳನ್ನು ಅಂಟಿಸಲಾಗಿತ್ತು.

"ನೋಡಿ... ಹುಡುಗನ ಹೆಸರು ದಪ್ಪಕ್ಷರದಲ್ಲಿ. ಹುಡುಗಿ ಜಾಗದಲ್ಲಿ 'ಅಕ್ಬರ್ ಸಾಹೇಬರ ಎರಡನೇ ಮಗಳು'. ನಮ್ಮ ಅಬ್ಬ ಪ್ರೆಸ್ ನಡೆಸ್ತಿದ್ದಾಗಿಂದ ಎಷ್ಟೋ ಮನೆಯವ್ರು ಅಂಗೇ ಹಾಕಿಸ್ತಾರೆ. ಹೆಣ್ಮಗು ಹೆಸರು ಬೀದಿ ಬೀದೀಲಿ ಓಡಾಡಬಾರ್ದು ಅಂತ. ನಿಮಗೂ ಮನೇಲಿ ತೊಂದ್ರೆ ಆಗ್ಬಾರ್ದು ಅಂತ ಕೊನೇಲಿ ತೆಗೆದ್ಬುಟ್ಟೆ. ಮರ್ಯಾದೆಗೇ ಮಾಡಿದ್ದು."

ಅಲ್ಲ, ಹೆಣ್ಣಿನ ಹೆಸರಲ್ಲಿ ಅಂಥ ಬೆಂಕಿ ಏನಿರುತ್ತದೆ? ಮದುವೆಗೆ ಊರೆಲ್ಲ ಬಂದು ಬಿರಿಯಾನಿ ಉಣ್ಣಬಹುದು, ಮದುಮಗಳ ಹೆಸರು ಮಾತ್ರ ಯಾರಿಗೂ ಗೊತ್ತಾಗಬಾರದು!

"ಮೂರು ತಿಂಗಳಲ್ಲಿ ಎಷ್ಟು ಪ್ರಶ್ನೆ ಕೇಳಿದ್ರಿ," ಎಂದಳು ಜೈಬಾ. "ಹೆಸರು ತೆಗೀಲಾ ಅಂತ ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

ಅವಳು ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟಳು. ಬಸ್‌ಸ್ಟ್ಯಾಂಡ್‌ವರೆಗೂ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮಾರನೇ ದಿನ ಕೈಬರಹದ ನೋಟ್‌ಬುಕ್ ಹಿಡಿದು ಬಲಸಮುದ್ರದಲ್ಲಿ ಇಳಿದರೆ ಕಂಪನಿಯ ಗೇಟಿನ ಪಕ್ಕ ಮತೀನ್ ನಿಂತಿದ್ದ. ಬೆರಳೆಲ್ಲ ಗೋಂದು. ಕೈಯಲ್ಲಿ ಐವತ್ತು ಪುಸ್ತಕದ ಕಟ್ಟು.

ಹೊಸ ಮುಖಪುಟ. ನಡುವೆ, ದೂರದಿಂದಲೂ ಕಾಣುವಂತೆ, 'ಜೈಬಾ'.

"ಮದುಮಗನ ಹೆಸರಿಗೆ ಹಾಕೋ ಅಕ್ಷರ ಇದು," ಅವನು ಮೆಲ್ಲಗೆ ಹೇಳಿದ. "ತಪ್ಪಾಯ್ತು. ನಿಮ್ಮ ಹೆಸರು ನಿಮ್ದು. ತೆಗೆಯೋಕೆ ನಾನ್ಯಾರು."

ಅವಳು ಕಟ್ಟು ತೆಗೆದುಕೊಂಡು ಒಳಗೆ ಹೋದಳು. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಸಂದರ್ಶನ ಮಾಡಿದ ಗಂಗಾಂಬಿಕಾ ಮೇಡಂ ಪುಟ ತಿರುಗಿಸುತ್ತಾ, "ಪ್ರಶ್ನೆ ಕೇಳೋಕೆ ನಾವು ಕೊನೇಲಿ 'ಆ' ಸೇರಿಸ್ತೀವಿ, ಸ್ಪ್ಯಾನಿಷಿನಲ್ಲಿ ದನಿ ಏರಿಸಿದ್ರೂ ಸಾಕು... ಚೆನ್ನಾಗಿ ಬರ್ದಿದ್ದೀಯ ಕಣಮ್ಮ," ಎಂದರು. ಕೆಲಸ ಸಿಕ್ಕಿತು.

ಕೋಪ ಮಾತ್ರ ಇಳಿಯಲಿಲ್ಲ. ಎರಡು ವಾರ ಅವಳು ಅವನಿಗೆ ಒಂದು ಮೆಸೇಜೂ ಹಾಕಲಿಲ್ಲ. ಅವನ ಹಳೇ ಪ್ರಶ್ನೆಗಳನ್ನು ಮಾತ್ರ ದಿನಾ ಓದಿದಳು.

ಮೂರನೇ ವಾರ, ಕಂಪನಿಯಲ್ಲಿ ಪಾಠ ಮುಗಿಸಿ ಹೊರಬಂದಾಗ ಗೇಟಿನ ಪಕ್ಕ ಮತ್ತೆ ಅವನೇ. "ನಮ್ಮ ಅಮ್ಮಿ ನಿಮ್ಮನೆಗೆ ಬರ್ತೀನಿ ಅಂತ ಕೂತವ್ರೆ. ಮೊದ್ಲು ನಿಮ್ಮನ್ನ ಕೇಳ್ಬೇಕು ಅಂದೆ." ಒಂದು ಕಾರ್ಡ್ ಚಾಚಿದ.

ಶಾದಿ ಕಾರ್ಡಿನ ಪ್ರೂಫ್, ಅಚ್ಚಿಗೆ ಮುಂಚಿನ ಕರಡು. ಮದುಮಗ: ಮತೀನ್. ಮದುಮಗಳು... ಖಾಲಿ.

ಜೈಬಾಳ ಕಣ್ಣು ಕೆಂಪಾಯಿತು. "ಇದ್ರಲ್ಲೂ ನನ್ನ ಹೆಸರಿಲ್ಲ!"

"ಕೇಳ್ದೆ ತೆಗೆದು ಬೈಸ್ಕೊಂಡೆ. ಕೇಳ್ದೆ ಹಾಕ್ಲಾ?"

ಆಗ ಅವಳಿಗೆ ಕಂಡಿತು. ಖಾಲಿ ಜಾಗದ ಮುಂದೆ ಒಂದು ತಲೆಕೆಳಗಾದ ಪ್ರಶ್ನೆಚಿಹ್ನೆ ಇತ್ತು.

"ಇದ್ಯಾಕೆ ಇಲ್ಲಿ?"

"ಪ್ರಶ್ನೆ ಬರ್ತಾ ಐತೆ ಅಂತ ಮೊದ್ಲೇ ಗೊತ್ತಾಗ್ಲಿ ಅಂತ. ನೀವೇ ಹೇಳ್ಕೊಟ್ಟಿದ್ದು."

ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಜೈಬಾ ಬ್ಯಾಗಿನಿಂದ ಪೆನ್ನು ತೆಗೆದು, ಅವನನ್ನು ತಿರುಗಿ ನಿಲ್ಲಲು ಹೇಳಿ, ಬೆನ್ನಿನ ಮೇಲೇ ಕಾರ್ಡಿಟ್ಟು, ಖಾಲಿ ಜಾಗ ತುಂಬಿಸಿದಳು.

"ದಪ್ಪಕ್ಷರದಲ್ಲಿ ಬರ್ಬೇಕು."

"ನನ್ನ ಹೆಸರಿನಷ್ಟು?"

"ಒಂದು ಕೂದಲೆಳೆ ಜಾಸ್ತಿ." ಅವಳು ಕಾರ್ಡ್ ಅವನ ಕೈಗಿಟ್ಟಳು. "ಮತ್ತೆ ಮತೀನ್... ಇನ್ನೊಂದ್ಸಲ ಸಹೋದರಿ ಅಂತ ಹಾಕಿದ್ರೆ ನೋಡಿ."

"ಅಲ್ಲಾಹ್ ಕಸಮ್," ಎಂದು ಆಣೆ ಇಟ್ಟ ಮತೀನ್, "ಹಾಕಲ್ಲ."