ಪಾಲಮ್ಮ ಹೇಳಿದ ಕಾಮಾಲೆ

"ಬಾಯಿ ಬಿಡು!"

ಬಸ್ಸಿಳಿದು ಬಂದ ಮಗನನ್ನು ಪಾಲಮ್ಮ ಹೊಸಿಲಲ್ಲೇ ತಡೆದಳು. ಮೂವತ್ತೆರಡು ವರ್ಷದ ಗಂಡಸು ಮಹಾಂತೇಶ ತಲೆ ತಗ್ಗಿಸಿ ಬಾಯಿ ತೆರೆದ. ಪಾಲಮ್ಮ ಮೂಸಿದಳು. ಟೀ ವಾಸನೆ, ಅಷ್ಟೇ. ಅದೇ ಅವಳ ಅನುಮಾನ ಹೆಚ್ಚಿಸಿತು! ಭಾನುವಾರ ಬಂತೆಂದರೆ ಬೆಳಿಗ್ಗೆ ಹೋಗಿ ಸಾಯಂಕಾಲ ಬರುವವನು ಕುಡಿಯುವುದಕ್ಕೂ ಹೋಗುತ್ತಿಲ್ಲವೆಂದರೆ, ಮತ್ತೆಲ್ಲಿಗೆ ಹೋಗುತ್ತಾನೆ?

"ಎಲ್ಲಿಗೋಗಿದ್ದೆ?"

"ಕೆಲಸ ಇತ್ತವ್ವ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಸ್ವಪ್ನ ನಿಂತಿದ್ದಳು. ಪಾಲಮ್ಮನ ಕಣ್ಣು ಅತ್ತ ಹೊರಳಿತು. "ಎಲ್ಲಾ ನಿಂದೇ ಕಿತಾಪತಿ! ತಳಕಿನಾಗೆ ನಿಮ್ಮಪ್ಪನ ಮನೇಲಿ ಕೂರಿಸ್ಕಂಡು ನನ್ನ ಮಗನ ತಲೆ ಕೆಡಿಸ್ತಿದೀರಾ... ಮನೆಅಳಿಯನ್ನ ಮಾಡ್ಕಣಾಕೆ!"

"ಇಲ್ಲ ಅತ್ತೆ..." ಅಷ್ಟು ಹೇಳಿ ಸ್ವಪ್ನ ಒಳಗೆ ಸರಿದಳು. ಗೊತ್ತಿದ್ದೂ ಹೇಳುವಂತಿರಲಿಲ್ಲ ಪಾಪ, ಗಂಡ ಆಣೆ ಹಾಕಿಸಿದ್ದ.

ಪಾಲಮ್ಮನ ಹೆದರಿಕೆಗೂ ಕಾರಣವಿತ್ತು ಅನ್ನಿ. ದೇವಸಮುದ್ರದ ಪಕ್ಕದ ಹಟ್ಟಿಯಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿ ಮನೆತನ ಅವರದು. ಕುಡಿದವನು ಆ ಎತ್ತುಗಳನ್ನು ಕೂಡುವ ರೊಪ್ಪದೊಳಗೆ ಕಾಲಿಡುವಂತಿಲ್ಲ. ಗೊತ್ತಾದರೆ ಆ ಹಕ್ಕಿನ ಗುರುತಾದ ಕಿಲಾರಿಯ ಕೋಲು ಮನೆಬಿಟ್ಟು ಹೋದಂತೆಯೇ. ಮಹಾಂತೇಶ ಎರಡು ವರ್ಷ ಕದ್ದು ಕುಡಿದ. ಅವನು ಹಾಸಿಗೆಯಿಂದ ಏಳಲಾರದ ದಿನಗಳಲ್ಲಿ ಪಾಲಮ್ಮ ರೊಪ್ಪದ ಹಿರಿಯ ದೊಡ್ಡಪಾಲಯ್ಯನ ಮುಂದೆ ನಿಂತು, "ನನ್ನ ಮಗನಿಗೆ ಕಾಮಾಲೆ ಐತೆ" ಎಂದು ದೇವರಾಣೆ ಇಟ್ಟಳು. ಒಂದು ಸಲವಲ್ಲ, ಹತ್ತಾರು ಸಲ! ಮೂರು ತಿಂಗಳಿಂದ ಮಗ ಕುಡಿದಿರಲಿಲ್ಲ. ಆದರೆ ಈ ಭಾನುವಾರಗಳ ಗುಟ್ಟು ಶುರುವಾದದ್ದೂ ಆಗಲೇ. ಮೊನ್ನೆ ದೊಡ್ಡಪಾಲಯ್ಯನೇ, "ನಿನ್ ಮಗ ಭಾನುವಾರ ಎಲ್ಲಿಗೋಗ್ತಾನಮ್ಮ?" ಎಂದು ಕೇಳಿದ್ದ.

ಮುಂದಿನ ಭಾನುವಾರ ಪಾಲಮ್ಮ ಮುಖ ಮುಚ್ಚುವಷ್ಟು ಸೆರಗು ಹೊದ್ದು, ಆಧಾರ್ ಕಾರ್ಡ್ ಹಿಡಿದು, ಮಗನಿಗಿಂತ ಮೊದಲೇ ಬಸ್ಸು ಹತ್ತಿ ಕೂತಳು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅನುಮಾನಕ್ಕೂ ಚಾರ್ಜಿಲ್ಲ ನೋಡಿ! ತಳಕು ಬಂತು. ಮಗ ಇಳಿಯಲಿಲ್ಲ. ಬೀಗರ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು, ಬೇರೊಂದು ಹತ್ತಿಕೊಂಡಿತು. ಹಂಗಾದ್ರೆ ಯಾವಳೋ ಇದಾಳೆ...!

ಚಳ್ಳಕೆರೆಯಲ್ಲಿ ಇಳಿದ ಮಹಾಂತೇಶ ಎಣ್ಣೆ ಮಿಲ್ಲುಗಳ ಕಡೆ ನಡೆದ. ದಾರಿಯಲ್ಲೊಂದು ಬಾರು. ಅದು ಕಂಡದ್ದೇ ರಸ್ತೆ ದಾಟಿ ಆಚೆ ಬದಿಗೆ ಹೋದ, ಅದನ್ನು ಕಳೆದಮೇಲೆ ಮತ್ತೆ ಈಚೆ ಬಂದ. ಹಿಂದೆಯೇ ಬರುತ್ತಿದ್ದ ಪಾಲಮ್ಮನಿಗೆ ಅರ್ಥವಾಗಲಿಲ್ಲ. ಕೊನೆಗೆ ಅವನು ಹೊಕ್ಕಿದ್ದು ಒಂದು ಶಾಲೆಯ ಕೋಣೆ. ಒಳಗೆ ಹತ್ತು ಹನ್ನೆರಡು ಗಂಡಸರು, ಟೀ ಲೋಟಗಳು. ಇಸ್ಪೀಟು! ಪಾಲಮ್ಮ ಹಲ್ಲು ಕಚ್ಚಿ ಕಿಟಕಿಯ ಪಕ್ಕ ನಿಂತಳು.

ಒಳಗೆ ಮಗನೇ ಮಾತಾಡುತ್ತಿದ್ದ.

"ನನ್ನ ಹೆಸರು ಮಹಾಂತೇಶ. ನಾನು ಕುಡುಕ. ಬಿಟ್ಟು ತೊಂಬತ್ತೊಂದು ದಿನ ಆತು. ಆಸ್ಪತ್ರೆ ಗೋಡೆ ಮ್ಯಾಲಿದ್ದ, ಕುಡಿತ ಬಿಟ್ಟೋರ ಈ ಸಭೆ ಫೋನ್ ನಂಬರನ್ನ ನನ್ನ ಹೆಂಡ್ತಿ ಅಂಗೈಮ್ಯಾಲೆ ಬರ್ಕಂಡು ಬಂದ್ಲು. ಅವ್ವ ಅವಳಿಗೆ ಬೈದಾಗೆಲ್ಲ ನಾನು ಸುಮ್ಕೆ ಇರ್ತೀನಿ... ಅವ್ವ ನನಗೋಸ್ಕರ ದೇವರ ಮುಂದೆ ಸುಳ್ಳಾಡಿದಳು. ಕಾಮಾಲೆ ಅಂದಳು. ಹಂಗಂದಾಗೆಲ್ಲ ನನಗೆ ಇನ್ನೊಂದಿನ ಕುಡಿಯಾಕೆ ಸಲೀಸಾತು. ಈಗ ಬಿಟ್ಟೀನಿ. ಆದ್ರೂ ರೊಪ್ಪಕ್ಕೆ ಕಾಲಿಟ್ಟಾಗೆಲ್ಲ ಆ ಸುಳ್ಳು ನೆನಪಾಗ್ತೈತೆ... ಮತ್ತೆ ಕುಡೀಬೇಕು ಅನ್ನಿಸ್ತೈತೆ!"

ಪಾಲಮ್ಮ ಕಿಟಕಿಯ ಸರಳು ಹಿಡಿದು ಗಳಗಳನೆ ಅತ್ತಳು. ಎಲ್ಲರೂ ತಿರುಗಿ ನೋಡಿದರು. ನರೆಗೂದಲಿನ ಕೆಂಚಣ್ಣ ಎಂಬವನು ಹೊರಬಂದು, "ಬಾರವ್ವ, ಒಳಗೆ ಕುಂತ್ಕ. ಇಲ್ಲಿ ಕೇಳಿದ್ದು ಇಲ್ಲೇ ಇರ್ತೈತೆ" ಎಂದ.

ಅಳುವಿನ ನಡುವೆಯೂ ಪಾಲಮ್ಮ ಕಣ್ಣು ಕಿರಿದಾಗಿಸಿದಳು. "ನಮ್ಮೂರೋರು ಯಾರಾನ ಬರ್ತಾರಾ ಇಲ್ಲಿಗೆ?"

"ಬಂದ್ರೂ ಹೇಳಂಗಿಲ್ಲವ್ವ."

ಆ ಒಂದು ಮಾತಿಗೆ ಅವಳು ಒಳಗೆ ಬಂದು ಕೂತಳು. ವಾಪಸ್ ಬರುವಾಗ ತಾಯಿಮಗ ಒಂದೇ ಸೀಟಿನಲ್ಲಿದ್ದರು. ತಳಕು ದಾಟಿದ ಮೇಲೆ ಪಾಲಮ್ಮ ಮಗನ ಕಡೆ ತಿರುಗಿದಳು.

"ದೊಡ್ಡಪಾಲಯ್ಯನಿಗೆ ಹೇಳಿಬಿಡ್ಲಾ?"

ಮಹಾಂತೇಶ ತಲೆಯಾಡಿಸಿದ. "ಹೇಳವ್ವ... ನನಗೆ ಬಾಯಿ ಬರಲ್ಲ."

ಅವತ್ತೇ ಸಾಯಂಕಾಲ ಪಾಲಮ್ಮ ಕೋಲನ್ನು ರೊಪ್ಪದ ಬಾಗಿಲಲ್ಲಿ ಮಲಗಿಸಿ ಕೈಮುಗಿದಳು. "ಕಾಮಾಲೆ ಅಲ್ಲ ಕಣಣ್ಣ. ಕುಡೀತಿದ್ದ, ಈಗ ಬಿಟ್ಟಾನೆ. ಆದ್ರೆ ಸುಳ್ಳಾಡಿದೋಳು ನಾನು!"

ದೊಡ್ಡಪಾಲಯ್ಯ ಬಗ್ಗಿ ಕೋಲನ್ನು ಎತ್ತಿಕೊಂಡ. "ಈ ಕೋಲು ಮತ್ತೆ ನಿಮ್ಮ ಮನೆಗೆ ಬರಂಗಿಲ್ಲ ಪಾಲಮ್ಮ."

"ಬ್ಯಾಡಣ್ಣ... ನನ್ನ ಮಗ ಮನೆಗೆ ಬಂದ್ರೆ ಸಾಕು."

ಮನೆಗೆ ಬಂದವಳು ಸ್ವಪ್ನಳ ಬಲಗೈ ಹಿಡಿದು ಅಂಗೈ ಬಿಡಿಸಿ ನೋಡಿದಳು. ನಂಬರು ಅಳಿಸಿ ಎಷ್ಟು ದಿನವಾಗಿತ್ತೋ! "ನಿನಗೆ ಏನೇನೋ ಅಂದುಬಿಟ್ಟೆ ಕಣೇ ತಾಯಿ..." ಎನ್ನುತ್ತ ಆ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು. ಸೊಸೆ ಬಿಕ್ಕಿಬಿಕ್ಕಿ ಅತ್ತಳು.

ಮರು ಭಾನುವಾರ ಸಾಯಂಕಾಲ ಬಸ್ಸು ನಿಂತಿತು, ಮಹಾಂತೇಶ ಇಳಿದ. ಕಾಯಲು ಎತ್ತುಗಳಿಲ್ಲದೆ ಅವನು ಆ ವಾರವೆಲ್ಲ ಕೂಲಿಗೆ ಹೋಗಿದ್ದ. ಹೊಸಿಲ ಬಳಿ ಅವ್ವನನ್ನು ಕಂಡದ್ದೇ, ರೂಢಿಯಂತೆ ಬಗ್ಗಿ ಬಾಯಿ ತೆರೆದ. ಪಾಲಮ್ಮ ಮೂಸಲಿಲ್ಲ. ಅವನ ಗದ್ದ ಹಿಡಿದು ಮೆಲ್ಲಗೆ ಬಾಯಿ ಮುಚ್ಚಿಸಿದಳು.

"ಒಳಗೆ ಬಾ ಮಗಾ. ಸ್ವಪ್ನ ಉಣ್ಣಾಕಿಡ್ತಾಳೆ."