ಕೆಂಪು ಕಾರಿನ ಎಡಗಡೆ ಸೀಟು

ಕಾರಿನ ಕೆಳಗೆ ತೂರಿಸಿದ್ದ ಯಂತ್ರ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಅದರ ಹೆಸರು ಲೋಹಸ್ಮೃತಿ ಮಾಪಕ. ಅದನ್ನು ಕಂಡುಹಿಡಿದ ವಿಜ್ಞಾನಿ ಅನಸೂಯಾ ಕಟಗೇರಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಪರದೆ ನೋಡುತ್ತಿದ್ದರು.

ಧಾರವಾಡದ ಮಾಳಮಡ್ಡಿಯಲ್ಲಿರುವ ಡಾಕ್ಟರ್ ಗಿರೀಶ ಪರ್ವತೀಕರರ ಅಂಗಳದಲ್ಲಿ ಎಲ್ಲರೂ ಆ ಪರದೆಗಾಗಿಯೇ ಕಾದಿದ್ದರು. ಕಾರು ಕೊಳ್ಳಲು ಬಂದಿದ್ದ ವೀರೇಶ ಹಂಚಿನಮನಿಯವರಂತೂ ಎಲ್ಲರಿಗಿಂತ ಮುಂದೆ ಬಾಗಿ ನಿಂತಿದ್ದರು. ಕಾರುಗಳೆಲ್ಲ ತಮ್ಮಷ್ಟಕ್ಕೆ ತಾವೇ ಓಡುವ ಕಾಲ ಅದು. ಸ್ಟೀರಿಂಗು, ಗೇರು ಇರುವ, ಎರಡೇ ಸೀಟಿನ ಇಂಥ ಪುಟ್ಟ ಓಟದ ಕಾರು ಮಾರಾಟಕ್ಕೆ ಬರುವುದೇ ಅಪರೂಪ. ಮೀಸೆ ಚಿಗುರಿದಾಗ ಹಿಡಿದ ಹುಚ್ಚು, ಗಣಿತದ ಮಾಸ್ತರಿಕೆಯಿಂದ ನಿವೃತ್ತರಾದರೂ ಅವರನ್ನು ಬಿಟ್ಟಿರಲಿಲ್ಲ. ಹೆಂಡತಿ ಶಾಂತಲಾ ಒಂದೇ ಷರತ್ತು ಹಾಕಿದ್ದರು: ಈ ಕಾರನ್ನು ಯಾರಾದರೂ ಜೋರಾಗಿ ಓಡಿಸಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಮುಂದೆ ಜನ್ಮದಲ್ಲಿ ಕಾರಿನ ಮಾತೆತ್ತಬಾರದು.

“ಒಬ್ಬರ ಕೈಯಾಗೇ ಇದ್ದ ಗಾಡಿ,” ಎಂದರು ಗಿರೀಶ. “ನಮ್ಮಪ್ಪ ಓಡಸ್ತಿದ್ರು. ಅವರು ಹೋದಮ್ಯಾಲೆ ಯಾರೂ ಮುಟ್ಟಿಲ್ಲ. ನಾ ದಿನಾ ಆಸ್ಪತ್ರ್ಯಾಗ, ಅಮ್ಮಗ ಆಟೋ ಅಂದ್ರೂ ಅಂಜಿಕಿ.”

ಅಮ್ಮ ಸುಶೀಲಾಬಾಯಿ ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಕಬ್ಬಿಣಕ್ಕ ಎಂಥಾ ನೆನಪರೀ?” ಎಂದು ಶಾಂತಲಾ ಕೇಳಿದರು.

“ಸವೆದ ಚಪ್ಪಲಿ ನೋಡಿ ಇದು ಯಜಮಾನರದು ಅಂತ ಹೇಳ್ತೀರಲ್ಲ, ಹಂಗ,” ಎಂದರು ಕಟಗೇರಿ.

ಮಾತು ಸರಿಯೇ. ಬ್ರೇಕು ಒತ್ತಿದಾಗ, ತಿರುವು ತೆಗೆದುಕೊಂಡಾಗ, ಸೀಟಿನ ಮೇಲೆ ಒಬ್ಬರು ಕೂತು ಎದ್ದಾಗ ಲೋಹದ ಕಣಗಳು ಕೂದಲೆಳೆಯಷ್ಟು ಸರಿಯುತ್ತವೆ, ಮತ್ತೆ ಪೂರ್ತಿ ಸ್ವಸ್ಥಾನಕ್ಕೆ ಬರುವುದಿಲ್ಲ. ಮಾಪಕ ಆ ಸರಿದಾಟವನ್ನು ಪದರಪದರವಾಗಿ, ದಿನ ವಾರದ ಲೆಕ್ಕ ಸಮೇತ ಓದುತ್ತದೆ. ಈ ಯಂತ್ರ ಬಂದಮೇಲೆ ಹಳೆಯ ಕಾರು ಮಾರುವವರು ಸುಳ್ಳು ಹೇಳುವುದನ್ನೇ ಮರೆತಿದ್ದರು.

“ಮೊದಲ ಮಾಲಕರು ಭಾರೀ ಆಳು. ಎಂದೂ ನಲವತ್ತು ದಾಟಿಸಿಲ್ಲ,” ಎಂದು ಕಟಗೇರಿ ಓದಿದರು. ವೀರೇಶರ ಮುಖ ಅರಳಿತು. “ಆಮೇಲೆ ಇನ್ನೊಬ್ಬರು. ಹಗುರ ಮೈ, ಎಡ ಮೊಣಕಾಲು ನೋವಿಂದು, ಸೀಟು ಪೂರಾ ಮುಂದ. ಪ್ರತಿ ಸೋಮವಾರ ಬೈಪಾಸ್ ಮ್ಯಾಲೆ ನೂರಾ ಇಪ್ಪತ್ತು. ಗೇರ್ ಹಾಕೋ ಕೈ ಮಾತ್ರ ಬೆಣ್ಣಿ.”

“ಕಳ್ಳ!” ಎಂದು ಗಿರೀಶ ಎದ್ದು ನಿಂತರು.

“ಕಳ್ಳ ಪೆಟ್ರೋಲ್ ತುಂಬಿಸಿ, ಒರೆಸಿ, ತಂದು ಇಡ್ತಾನೇನ್ರೀ?” ಎಂದರು ಕಟಗೇರಿ.

ಶಾಂತಲಾ ಗಂಡನ ಕಡೆ ನೋಡಿದರು. ಆ ನೋಟದಲ್ಲೇ ಕಾರು ಕೈಬಿಟ್ಟು ಹೋಯಿತೆಂದು ವೀರೇಶರಿಗೆ ತಿಳಿಯಿತು. ಅವರಿಗೆ ಅಳುವೇ ಬಂದಂತಾಯಿತು.

ಕಟಗೇರಿ ಮುಂದೆ ಓದಿದರು. “ಎಡಗಡೆ ಸೀಟಿನ ಮ್ಯಾಲೆ ಒಂದು ಹಗುರ ವಸ್ತು. ಅದಕ್ಕ ಸೀಟ್ ಬೆಲ್ಟ್ ಬ್ಯಾರೆ ಕಟ್ಯಾರ. ದುಂಡಗ, ತಳಾ ಹಿತ್ತಾಳಿದು.”

ಎಲ್ಲರ ಕಣ್ಣೂ ಕಟ್ಟೆಯ ಮೇಲಿದ್ದ ಹಿತ್ತಾಳೆಯ ಹೂಬುಟ್ಟಿಯತ್ತ ತಿರುಗಿತು.

“ಅಮ್ಮಾ, ಸೋಮವಾರ ಸೋಮೇಶ್ವರ ಗುಡಿಗೆ ನಡಕೋತ ಹೋಗ್ತೀನಿ ಅಂತಿದ್ದಿ,” ಎಂದರು ಗಿರೀಶ.

“ಕಾಯಿ ಉರುಳ್ತದಪಾ, ಅದಕ್ಕ ಬೆಲ್ಟ್ ಕಟ್ಟೀನಿ,” ಎಂದರು ಸುಶೀಲಾಬಾಯಿ. “ನಿಮ್ಮಪ್ಪ ಹೋಗೋ ತನಕ ನಲವತ್ತರಾಗ ಓಡಿಸಿದ್ರು. ಬಾಜೂಕ ಕೂತು ಕೂತು ನನಗ ಸಾಕಾಗಿತ್ತು. ನಿನ್ನ ಕೇಳಿದ್ರ ಬ್ಯಾಡ ಅಂತಿದ್ದಿ.”

ಗಿರೀಶ ಕಿಸೆಯಿಂದ ಕೀಲಿಕೈ ತೆಗೆದರು. ಅದನ್ನು ತಾಯಿಯ ಉಡಿಯಲ್ಲಿಟ್ಟು, “ಕಾರು ಮಾರೂದಿಲ್ರಿ,” ಎಂದರು. ಕೊಳ್ಳುವವರಿಗೆಂದು ಮಾಡಿದ ಯಂತ್ರ ಮಾರುವವರ ಮನಸ್ಸನ್ನೇ ತಿರುಗಿಸಿದ್ದು ಕಂಡು ಕಟಗೇರಿ ತಲೆ ಕೆರೆದುಕೊಂಡರು. ವೀರೇಶ ಕಾರಿನ ಬಾಗಿಲನ್ನೊಮ್ಮೆ ಸವರಿ ಹಿಂದೆ ಸರಿದರು.

ಶಾಂತಲಾ ಮಾತ್ರ ಹೊರಡಲಿಲ್ಲ. ಕಟ್ಟೆಯ ತುದಿಗೆ ಕೂತು ಮೆಲ್ಲಗೆ ಕೇಳಿದರು: “ನೂರಾ ಇಪ್ಪತ್ತಕ್ಕ ಹೆಂಗ ಅನಸ್ತದರೀ, ಬಾಯಾರ?”

ಸುಶೀಲಾಬಾಯಿ ನಕ್ಕರು. “ಹೇಳಿದ್ರ ತಿಳಿಯಂಗಿಲ್ಲ. ಸೋಮವಾರ ಬರ್ರಿ, ಇಬ್ಬರೂ.”

ಸೋಮವಾರ ವೀರೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅಷ್ಟರಲ್ಲಿ ಶಾಂತಲಾ ಎಡಗಡೆ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತಾಗಿತ್ತು. ಸುಶೀಲಾಬಾಯಿ ಕಿಟಕಿಯಿಂದ ಹೂಬುಟ್ಟಿಯನ್ನು ವೀರೇಶರ ಕೈಗೆ ಕೊಟ್ಟರು.

“ಜಾಗಾ ಇಲ್ಲ, ಮಾಸ್ತರ್ರ. ಇದನ್ನ ಹಿಡಕೊಂಡು ಬಸ್ಸಿನ್ಯಾಗ ಬರ್ರಿ. ಗುಡಿ ಮುಂದ ಕಾಯ್ತೀವಿ. ವಾಪಸ್ ಬರೋ ಮುಂದ ನೀವು ಓಡಸ್ರಿ.”

ಕಾರು ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಕೂಗಿ ನಗುವುದನ್ನು ವೀರೇಶ ಎಷ್ಟೋ ವರ್ಷಗಳ ಮೇಲೆ ಕೇಳಿದರು. ಬುಟ್ಟಿಯಲ್ಲಿನ ಕಾಯಿ ಉರುಳದಂತೆ ಹಿಡಿದುಕೊಂಡು ಬಸ್‌ಸ್ಟಾಪಿನ ಕಡೆ ಓಡಿದರು.